ಪಿಸ್ತೂಲು ಕೈಕೊಡಲಿಲ್ಲ, ಮಣಿಕಟ್ಟು ಕೈಕೊಟ್ಟಿತ್ತು: ನನ್ನ ಅನುಭವ

ಹೊಸ 9 ಮಿ.ಮೀ. ಪಿಸ್ತೂಲಿನಲ್ಲಿ ಅಭ್ಯಾಸ ಶುರುಮಾಡಿ ಮೂರು ವಾರವಾಗುವಷ್ಟರಲ್ಲಿ ನನ್ನ ತಾಳ್ಮೆ ಕೆಟ್ಟಿತ್ತು. ಹಿಡಿಯೊಳಗೆ ಕೂರುವ, 15 ಗುಂಡು ತುಂಬುವ ಮ್ಯಾಗಜಿನ್‌ನಲ್ಲಿ ಮೊದಲ ಹತ್ತು ಹನ್ನೊಂದು ಗುಂಡುಗಳು ಸರಾಗವಾಗಿ ಹೋಗುತ್ತಿದ್ದವು. ಆಮೇಲೆ ಟ್ರಿಗರ್ ಒತ್ತಿದರೆ ಏನೂ ಇಲ್ಲ. ನೋಡಿದರೆ ಖಾಲಿ ತೋಟಾವೊಂದು ಹೊರಗೆ ಬೀಳದೆ, ಮುಚ್ಚಲು ಹೊರಟ ಸ್ಲೈಡಿಗೆ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಸಿಕ್ಕಿ, ನೆಟ್ಟ ಗೂಟದಂತೆ ಮೇಲಕ್ಕೆ ನಿಂತಿರುತ್ತಿತ್ತು.

ತಪ್ಪು ಪಿಸ್ತೂಲಿನದೇ ಎಂದು ನಂಬಿದ್ದೆ. ಬಿಚ್ಚಿ ಒರೆಸಿ ಎಣ್ಣೆ ಹಾಕಿದೆ, ಮ್ಯಾಗಜಿನ್ ಬದಲಿಸಿದೆ, ಬೇರೆ ತಯಾರಿಕೆಯ ಗುಂಡು ತಂದೆ. ಸ್ವಲ್ಪ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕೊನೆಗೆ ತರಬೇತುದಾರರ ಕೈಗೆ ಕೊಟ್ಟೆ. ಅದೇ ಪಿಸ್ತೂಲು, ಅದೇ ಮ್ಯಾಗಜಿನ್, ಅದೇ ಪೆಟ್ಟಿಗೆಯ ಗುಂಡುಗಳು. ಅವರು ಮೂರು ಮ್ಯಾಗಜಿನ್ ಖಾಲಿ ಮಾಡಿದರು. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. "ಇದಕ್ಕೇನೂ ಆಗಿಲ್ಲ. ಈಗ ನೀವು ಹಿಡಿಯಿರಿ, ನಾನು ನಿಮ್ಮ ಮಣಿಕಟ್ಟು ನೋಡುತ್ತೇನೆ" ಎಂದರು.

ಅವರು ಅಂದು ವಿವರಿಸಿದ್ದು ಹೀಗೆ. ಗುಂಡು ಮುಂದಕ್ಕೆ ಹೋದಾಗ ಅದರ ಒದೆತ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಸ್ಲೈಡ್ ಹಿಂದೆ ಸರಿಯುತ್ತ ಖಾಲಿ ತೋಟಾವನ್ನು ಎಳೆದು ಹೊರಗೆಸೆಯುತ್ತದೆ, ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗ್ ಅದನ್ನು ವಾಪಸು ನೂಕಿದಾಗ ಮ್ಯಾಗಜಿನ್‌ನ ಮೇಲಿನ ಗುಂಡನ್ನು ಚೇಂಬರಿಗೆ, ಅಂದರೆ ನಳಿಕೆಯ ಹಿಂತುದಿಗೆ, ಸೇರಿಸುತ್ತದೆ. ಇಷ್ಟು ಕೆಲಸವಾಗಬೇಕಾದರೆ ಸ್ಲೈಡ್ ಫ್ರೇಮಿನ (ಹಿಡಿಯಿರುವ ಕೆಳಭಾಗ) ಮೇಲೆ ತನ್ನ ಪೂರ್ತಿ ದೂರ ಓಡಬೇಕು. ಹಗುರವಾದ ಮೇಜಿನ ಖಾನೆ ಎಳೆದಾಗ ಮೇಜೇ ಜತೆಗೆ ಬಂದರೆ ಖಾನೆ ಅರ್ಧವೂ ತೆರೆಯುವುದಿಲ್ಲ. ಮಣಿಕಟ್ಟು ಸಡಿಲವಾಗಿದ್ದರೆ ಆಗುವುದೂ ಅದೇ. ಫ್ರೇಮ್ ಕೂಡ ಸ್ಲೈಡಿನ ಜತೆ ಹಿಂದಕ್ಕೂ ಮೇಲಕ್ಕೂ ಹೋಗುತ್ತದೆ, ಸ್ಲೈಡಿನ ಓಟಕ್ಕೆ ಬೇಕಾದ ಬಲ ಕೈಯನ್ನು ಎತ್ತುವುದರಲ್ಲೇ ಕಳೆದುಹೋಗುತ್ತದೆ.

ಹಾಗಾದರೆ ಮೊದಲ ಹತ್ತು ಗುಂಡುಗಳೇಕೆ ಸರಿಯಾಗಿ ಹೋಗುತ್ತಿದ್ದವು? ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು, ಉತ್ತರ ಸಿಕ್ಕಾಗ ಆದ ಸಂತೋಷವೂ ಅಷ್ಟೇ ದೊಡ್ಡದು. 9 ಮಿ.ಮೀ. ಗುಂಡೊಂದು ತೋಟಾ ಸಮೇತ ಸುಮಾರು 12 ಗ್ರಾಂ ತೂಗುತ್ತದೆ. ಹದಿನೈದಕ್ಕೆ ಸುಮಾರು 180 ಗ್ರಾಂ. ನನ್ನದು ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಫ್ರೇಮ್, ತಾನಾಗಿ ಹಗುರ. ಮ್ಯಾಗಜಿನ್ ತುಂಬಿದ್ದಾಗ ಆ ತೂಕವೇ ಫ್ರೇಮನ್ನು ಅಲುಗದಂತೆ ಹಿಡಿದು ನನ್ನ ಕೈಯ ಕೊರತೆಯನ್ನು ಮುಚ್ಚುತ್ತಿತ್ತು. ಗುಂಡು ಖಾಲಿಯಾದಂತೆ ಆ ಆಸರೆ ತಪ್ಪುತ್ತಿತ್ತು, ಅಷ್ಟರಲ್ಲಿ ಕೈಯೂ ದಣಿದಿರುತ್ತಿತ್ತು. ಕಿಲೋಗ್ರಾಮಿಗೂ ಮೀರಿ ತೂಗುವ ಉಕ್ಕಿನ 1911 ಎಂಬ ಹಳೆಯ ಮಾದರಿಯ ಪಿಸ್ತೂಲನ್ನು ನಾನೇ ಹಾರಿಸಿದಾಗ ತೊಂದರೆ ಕಾಣದಿದ್ದುದೂ ಈ ಕಾರಣಕ್ಕೇ ಇರಬೇಕು.

ಹಿಡಿತ ತಿದ್ದಲು ಕೈಯ ಮೇಲಿನ ಅಚ್ಚೇ ನನಗೆ ದಾರಿ ತೋರಿಸಿತು. ಹಿಡಿಯ ಹಿಂಬದಿಯಲ್ಲಿ ಒರಟು ಚುಕ್ಕೆಗಳಿವೆ. ಅಭ್ಯಾಸ ಮುಗಿದ ಮೇಲೆ ನೋಡಿದರೆ ಆ ಚುಕ್ಕೆಗಳ ಕೆಂಪು ಗುರುತು ಹೆಬ್ಬೆರಳಿನ ಬುಡದ ಗೆಣ್ಣಿನ ಮೇಲೆ ಬಿದ್ದಿರುತ್ತಿತ್ತು. ಪಿಸ್ತೂಲು ಮುಂದೋಳಿನ ನೇರಕ್ಕೆ ಕೂರದೆ ಓರೆಯಾಗಿ ಕೂರುತ್ತಿದೆ ಎಂದರ್ಥ. ಹೆಬ್ಬೆರಳು ತೋರುಬೆರಳುಗಳ ನಡುವಿನ ಕವಲನ್ನು ಹಿಡಿಯ ಮೇಲ್ತುದಿಯವರೆಗೂ ಏರಿಸಿ ಒತ್ತುವುದನ್ನು ಕಲಿತೆ. ಅದಕ್ಕಿಂತ ಮೇಲೆ ಹೋದರೆ ಸ್ಲೈಡ್ ಚರ್ಮವನ್ನು ಕಚ್ಚುತ್ತದೆ, ಎಚ್ಚರ. ಬಲಗೈ ಬಿಟ್ಟ ಜಾಗವನ್ನು ಎಡ ಅಂಗೈಯ ಬುಡದಿಂದ ತುಂಬಿಸಿ, ಎಡ ಮಣಿಕಟ್ಟನ್ನು ತುಸು ಕೆಳಮುಖವಾಗಿ ಬಿಗಿದೆ. ಹಾಗೆ ಬಿಗಿದಾಗ ಅದಕ್ಕೆ ಮೇಲಕ್ಕೆ ಬಾಗಲು ಅವಕಾಶವೇ ಕಡಿಮೆ. ಹಿಂಡಿ ಹಿಡಿಯುವುದೂ ಒಳ್ಳೆಯದಲ್ಲ. ಕೈ ನಡುಗಿ ಗುರಿ ಚದುರುತ್ತದೆ. ಬೆರಳುಗಳಿಗಿಂತ ಮಣಿಕಟ್ಟು ಗಟ್ಟಿಯಾಗಿರುವುದು ಮುಖ್ಯ. ಕೆಂಪು ಗುರುತು ಕವಲಿನ ನಟ್ಟನಡುವೆ ಬಿದ್ದ ದಿನ ಆರು ಮ್ಯಾಗಜಿನ್ ಹಾರಿಸಿದೆ. ಒಂದೂ ತೋಟಾ ಸಿಕ್ಕಿಕೊಳ್ಳಲಿಲ್ಲ.

ಆದರೆ ಹೊಸದೊಂದು ತಕರಾರು ಹುಟ್ಟಿಕೊಂಡಿತು. ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ಹಿಂದೆಯೇ ತೆರೆದು ನಿಲ್ಲಬೇಕು. ನನ್ನದು ಮುಚ್ಚಿಕೊಳ್ಳುತ್ತಿತ್ತು, ಮುಂದಿನ ಒತ್ತಿಗೆ ಬರಿಯ ಟಕ್ ಎಂಬ ಸದ್ದು. ಮತ್ತೆ ಮಣಿಕಟ್ಟೇ ಇರಬೇಕೆಂದು ಎರಡು ದಿನ ವ್ಯರ್ಥ ಮಾಡಿದೆ. ಕೈ ಮೇಲೇರಿದ್ದರಿಂದ ಬಲ ಹೆಬ್ಬೆರಳು ಈಗ ಸ್ಲೈಡನ್ನು ತೆರೆದು ನಿಲ್ಲಿಸುವ ಸ್ಲೈಡ್ ಸ್ಟಾಪ್ ಸನ್ನೆಯ ಮೇಲೆ ಕೂತಿತ್ತು. ಮ್ಯಾಗಜಿನ್ ಆ ಸನ್ನೆಯನ್ನು ಮೇಲೆತ್ತಲು ನೋಡಿದರೆ ನನ್ನ ಬೆರಳು ಕೆಳಗೊತ್ತುತ್ತಿತ್ತು. ಇದೇ ಹೆಬ್ಬೆರಳು ಸನ್ನೆಯನ್ನು ಕೆಳಗಿನಿಂದ ತಳ್ಳಿದರೆ ಗುಂಡಿರುವಾಗಲೇ ಸ್ಲೈಡ್ ತೆರೆದು ನಿಲ್ಲುತ್ತದೆ, ಸ್ಲೈಡಿನ ಪಕ್ಕಕ್ಕೆ ಒತ್ತಿದರೆ ಅದರ ಓಟ ನಿಧಾನವಾಗುತ್ತದೆ. 1911ರಲ್ಲಿ ಹಿಡಿಯ ಹಿಂಬದಿಗೇ ಸುರಕ್ಷಾ ಸನ್ನೆಯಿದೆ. ಹೆಬ್ಬೆರಳನ್ನು ಎತ್ತರಿಸಿದಾಗ ಅಂಗೈ ಅದರಿಂದ ಬಿಟ್ಟುಕೊಂಡರೆ ಪಿಸ್ತೂಲು ಹಾರುವುದೇ ಇಲ್ಲ. ನಾನು ಬಲ ಹೆಬ್ಬೆರಳನ್ನು ಎಡ ಹೆಬ್ಬೆರಳಿನ ಬುಡದ ಮೇಲೆ ಒರಗಿಸಿದೆ, ಸಮಸ್ಯೆ ಅಲ್ಲಿಗೆ ಮುಗಿಯಿತು.

ಎಲ್ಲ ತಡೆಗೂ ಕೈಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಯಾರು ಹಿಡಿದರೂ ನಿಲ್ಲುವ ಪಿಸ್ತೂಲಿನಲ್ಲಿ ಮ್ಯಾಗಜಿನ್, ಸ್ಪ್ರಿಂಗ್, ಗುಂಡು ಇವನ್ನೇ ನೋಡಬೇಕು. ಮದ್ದಿನ ಬಲ ಕಡಿಮೆಯಿರುವ ಗುಂಡು, ಇನ್ನೂ ಪಳಗದ ಹೊಸ ಸ್ಪ್ರಿಂಗ್ ಇವೆರಡೂ ಸೇರಿದರೆ ಕೈಯ ಚಿಕ್ಕ ಲೋಪವೂ ದೊಡ್ಡದಾಗುತ್ತದೆ. ಕೈಯ ಪಾಲೆಷ್ಟು ಎಂದು ತಿಳಿಯಲು ನಾನು ಮ್ಯಾಗಜಿನ್‌ಗೆ ಒಂದೇ ಗುಂಡು ತುಂಬಿ ಹಾರಿಸುತ್ತೇನೆ. ಫ್ರೇಮ್ ಅತಿ ಹಗುರವಾಗಿರುವ ಸ್ಥಿತಿ ಅದು. ಸ್ಲೈಡ್ ತೆರೆದು ನಿಂತರೆ ಓಟ ಪೂರ್ತಿಯಾಗಿದೆ ಎಂದರ್ಥ. ಯಾವ ತಡೆ ಬಂದರೂ ನಳಿಕೆ ಗುರಿಯತ್ತಲೇ ಇರಬೇಕು, ಬೆರಳು ಟ್ರಿಗರ್ ಬಿಟ್ಟಿರಬೇಕು. ಏನಾಯಿತೆಂದು ನೋಡುವ ಆತುರದಲ್ಲಿ ಪಿಸ್ತೂಲನ್ನು ಪಕ್ಕಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಅಪಾಯಕಾರಿ.

ಈಗ ಪ್ರತಿ ಅಭ್ಯಾಸದ ಕೊನೆಯ ಮ್ಯಾಗಜಿನ್ ಎಡಗೈಯೊಂದಕ್ಕೇ ಮೀಸಲು. ಹದಿಮೂರನೆಯದೋ ಹದಿನಾಲ್ಕನೆಯದೋ ಗುಂಡಿಗೆ ತೋಟಾ ಇನ್ನೂ ಆಗೊಮ್ಮೆ ಈಗೊಮ್ಮೆ ಸಿಕ್ಕಿಕೊಳ್ಳುತ್ತದೆ. ಆಗ ಪಿಸ್ತೂಲನ್ನು ಖಾಲಿ ಮಾಡಿ ಕೆಳಗಿಟ್ಟು, ಎಡ ಅಂಗೈ ತಿರುಗಿಸಿ ಕೆಂಪು ಗುರುತು ಎಲ್ಲಿ ಬಿದ್ದಿದೆ ಎಂದು ನೋಡುತ್ತೇನೆ.