ಒಂದೇ ಪಟ್ಟಿ ಮಾಡಿಕೊಂಡ ಮೇಲೆ

2021ರ ಏಪ್ರಿಲ್ ಕೊನೆಗೆ ಕರ್ನಾಟಕದಲ್ಲಿ ಮತ್ತೆ ಲಾಕ್‌ಡೌನ್ ಬಂತು. ಬೆಂಗಳೂರಿನ ಲಿಂಗರಾಜಪುರದ ಸುತ್ತಮುತ್ತ ಚರ್ಚ್‌ಗಳಿಗೇನೂ ಕೊರತೆಯಿಲ್ಲ. ಕಥೋಲಿಕರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೋಡಿಸ್ಟ್, ಪೆಂತೆಕೊಸ್ತ್, ಜೊತೆಗೆ ಬಾಡಿಗೆ ಹಾಲ್‌ನಲ್ಲಿ ಕೂಡುವ ಸಣ್ಣ ಸಭೆಗಳು. ಎಲ್ಲರೂ ರೇಷನ್ ಹಂಚುತ್ತಿದ್ದರು. ಮುಖ್ಯರಸ್ತೆ ಪಕ್ಕದ ಮನೆಗೆ ಮೂರು ಕಡೆಯಿಂದ ಅಕ್ಕಿ ಬರುತ್ತಿತ್ತು. ಒಳಗಲ್ಲಿಯ ಕಟ್ಟಡ ಕೆಲಸದವರ ಶೆಡ್‌ಗಳಿಗೆ ಯಾರೂ ಹೋಗಿರಲಿಲ್ಲ.

ನಾನು ಸಿಎಸ್‌ಐ ಕನ್ನಡ ಸಭೆಯವನು. ನಮ್ಮ ಸಭೆಯ ರೇಷನ್ ಹಂಚಿಕೆ ನನ್ನ ಮೇಲಿತ್ತು. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ ಇರುತ್ತದಲ್ವಾ, ಅಲ್ಲಿ ಪರಿಚಯವಾದವರ ನಂಬರ್‌ಗಳು ನನ್ನ ಫೋನಿನಲ್ಲಿದ್ದವು. ಆ ವಾರದಲ್ಲಿ ಸುಮ್ನೆ ಹಾಡಿ, ಟೀ ಕುಡಿದು ಹೋಗುತ್ತಾರೆ ಅಂತ ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಆ ಪರಿಚಯ ಇಲ್ಲದಿದ್ದರೆ ನಾನು ಯಾರಿಗೂ ಫೋನ್ ಮಾಡುವ ಹಾಗಿರಲಿಲ್ಲ.

"ಅಯ್ಯನವರೇ, ನಾವು ರೇಷನ್ ಕೊಡೋ ಮನೆಗಳ ಪಟ್ಟಿ ಕಳಿಸ್ತೀನಿ, ನಿಮ್ಮದೂ ಕಳಿಸಿ, ಸೇರಿಸಿ ಒಂದೇ ಪಟ್ಟಿ ಮಾಡೋಣ" ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕಥೋಲಿಕ ಚರ್ಚಿನ ಫಾದರ್ ಅಂದೇ ಕಳಿಸಿದರು. ಒಬ್ಬ ಪಾಸ್ಟರ್ ಮಾತ್ರ ಹಿಂದೇಟು ಹಾಕಿದರು. ವಿಳಾಸ ಕೊಟ್ಟರೆ ತಮ್ಮ ಸಭೆಯವರನ್ನು ಬೇರೆಯವರು ಸೆಳೆದುಕೊಂಡರೆ ಎಂಬ ಭಯ. ಆ ಭಯಕ್ಕೆ ಕಾರಣವಿದೆ, ಅಂಥದ್ದು ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ಮೊದಲೇ ಮಾತಾಡಿಕೊಂಡೆವು. ಚೀಲದ ಮೇಲೆ ಯಾವ ಚರ್ಚಿನ ಹೆಸರೂ ಇರಬಾರದು. ಕರಪತ್ರ ಬೇಡ. ತೆಗೆದುಕೊಳ್ಳುವವರ ಫೋಟೋ ಬೇಡ. ಯಾವ ಜಾತಿ, ಯಾವ ಧರ್ಮ ಅಂತ ಕೇಳುವುದು ಬೇಡ. ದುಡ್ಡನ್ನೂ ಒಟ್ಟು ಹಾಕಲಿಲ್ಲ. ಅವರವರ ಕಾಣಿಕೆ ಅವರವರ ಲೆಕ್ಕದಲ್ಲೇ ಇತ್ತು, ಸಾಮಾನು ಮಾತ್ರ ಯಶವಂತಪುರದ ಎಪಿಎಂಸಿಯಿಂದ ಒಟ್ಟಿಗೆ ತರಿಸಿದೆವು. ಇದರಿಂದ ಅರ್ಧ ಜಗಳ ಹುಟ್ಟುವ ಮೊದಲೇ ತಪ್ಪಿತು ಎಂದು ಈಗಲೂ ನಂಬಿದ್ದೇನೆ.

ಮೇ ತಿಂಗಳಲ್ಲಿ ಅಕ್ಕಿಗಿಂತ ಆಕ್ಸಿಜನ್‌ಗೆ ಬೇಡಿಕೆ ಜಾಸ್ತಿಯಾಯಿತು. ಕೆಲವು ಸಭೆಗಳಿಗೆ ದಾನಿಗಳು ಕಾನ್ಸೆಂಟ್ರೇಟರ್ ಕೊಟ್ಟಿದ್ದರು. ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಬೇರೆ ಮಾಡಿ ನಿಮಿಷಕ್ಕೆ 5 ಲೀಟರ್ ಕೊಡುವ ಮಿಷನ್‌ಗಳು. ಯಂತ್ರ ಇತ್ತು, ನಡೆಸಲು ಗೊತ್ತಿದ್ದವರಿರಲಿಲ್ಲ. ನರ್ಸ್ ಆಗಿದ್ದ ಕಾನ್ವೆಂಟಿನ ಸಿಸ್ಟರ್ ಒಬ್ಬರು ಅಂಗಳದಲ್ಲಿ ಬೆಂಚು ಹಾಕಿಸಿ, ಪೆಂತೆಕೊಸ್ತ್ ಸಭೆಯ ಹುಡುಗರಿಗೆ ಕಲಿಸಿದರು. ಮಿಷನ್ ಗೋಡೆಗೆ ಒತ್ತಿ ಇಡಬೇಡಿ, ಗಾಳಿ ಆಡಬೇಕು. ಬಾಟಲಿಗೆ ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ. ಹತ್ತಿರ ದೀಪ, ಊದುಬತ್ತಿ ಹಚ್ಚಬಾರದು. ಉಗುರಿಗೆ ನೇಲ್ ಪಾಲಿಶ್ ಇದ್ದರೆ ಒರೆಸಿ ಆಕ್ಸಿಮೀಟರ್ ಹಾಕಿ. ರಕ್ತದ ಆಕ್ಸಿಜನ್ ಮಟ್ಟ 90ಕ್ಕಿಂತ ಕೆಳಗೆ ಹೋದರೆ ಮಿಷನ್ ನಂಬಿ ಕೂರಬೇಡಿ, ಆಸ್ಪತ್ರೆಗೆ ಓಡಿ. ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ, ಎದೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸುವ ರೀತಿಯನ್ನೂ ತೋರಿಸಿದರು. ಆ ಹುಡುಗರು ರಾತ್ರಿಯೆಲ್ಲ ಸಿಸ್ಟರ್‌ಗೆ ಫೋನ್ ಮಾಡಿ ರೀಡಿಂಗ್ ಹೇಳುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಮಣ್ಣು ಮಾಡುವುದು. ಹಳೆಯ ಚರ್ಚ್‌ಗಳಿಗೆ ಸ್ಮಶಾನದಲ್ಲಿ ಜಾಗವಿದೆ. ಹಾಲ್‌ನಲ್ಲಿ ಕೂಡುವ ಸಭೆಗೆ ಎಲ್ಲಿಂದ ಬರಬೇಕು? ತೀರಿಕೊಂಡವರ ಮಗ, ಮಣ್ಣು ಮಾಡಲು ಬೇಕಾದ ಚರ್ಚಿನ ಪತ್ರಕ್ಕಾಗಿ ಬಾಗಿಲಿಂದ ಬಾಗಿಲಿಗೆ ಅಲೆಯುವುದನ್ನು ಕಂಡು ನನ್ನ ಹೊಟ್ಟೆ ಉರಿಯಿತು. ನಮ್ಮ ಸಭಾಪಾಲಕರು ಪತ್ರ ಬರೆದುಕೊಟ್ಟರು. ಸಮಾಧಿಯ ಹತ್ತಿರ ಪ್ರಾರ್ಥನೆಯನ್ನು ಆ ಮನೆಯವರ ಪಾಸ್ಟರೇ ಮಾಡಲಿ ಎಂದರು. ಅಲ್ಲಿಯವರೆಗೆ ದೂರ ನಿಂತಿದ್ದ ಎರಡು ಸಭೆಗಳು ಆಮೇಲೆ ಪಟ್ಟಿಗೆ ಸೇರಿದವು.

ನಮ್ಮ ಸಿಎಸ್‌ಐ ಹುಟ್ಟಿದ್ದೇ ಹಲವು ಸಭೆಗಳು ಒಂದಾಗಿ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಗಿ, 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಕೂಡಿಕೆಯಾಯಿತು. ಬೋಧನೆ, ದೀಕ್ಷಾಸ್ನಾನ, ಬಿಷಪ್ಪರ ಅಧಿಕಾರದಂಥ ವಿಷಯಗಳಿಗೆ ಅಷ್ಟು ಕಾಲ ಬೇಕೇ ಬೇಕು. ಆದರೆ ಗಲ್ಲಿಯ ಪಟ್ಟಿ ಒಂದು ಮಾಡುವುದಕ್ಕೆ ಆ ಒಪ್ಪಂದಗಳಿಗಾಗಿ ಕಾಯಬೇಕಿಲ್ಲ.

ಈಗ ಜೂನ್ ಬಂದರೆ ಶಾಲೆ ಮಕ್ಕಳ ನೋಟ್‌ಬುಕ್‌ಗಾಗಿ ಅದೇ ಪಟ್ಟಿಯನ್ನು ತಿದ್ದುತ್ತೇವೆ. ಪಟ್ಟಿ ಇಟ್ಟುಕೊಳ್ಳುವ ಕೆಲಸ ವರ್ಷಕ್ಕೊಂದು ಸಭೆಗೆ. ಈ ವರ್ಷ ಅದು ಹಾಲ್‌ನಲ್ಲಿ ಕೂಡುವ ಸಭೆಯೊಂದರ ಕೈಯಲ್ಲಿದೆ.