ಕ್ರಿಸ್ಮಸ್ ಸಂಗೀತಕ್ಕೆ ಇಡೀ ಸಭೆಯ ಬಾಯಿ ತೆರೆಸಿದ್ದು: ನನ್ನ ಅನುಭವ

ಕಳೆದ ಕ್ರಿಸ್ಮಸ್ ಬೆಳಗಿನ ಆರಾಧನೆಯಲ್ಲಿ ನಮ್ಮ ಚರ್ಚಿನ ಸಭೆ ಅಡೆಸ್ಟೆ ಫಿಡೆಲಿಸ್ (ಓ ಕಮ್ ಆಲ್ ಯೀ ಫೇತ್‌ಫುಲ್) ರಾಗದ ಕೊನೆಯ ಚರಣವನ್ನು ಕೀಬೋರ್ಡ್ ಇಲ್ಲದೆ, ಮೈಕ್ ಇಲ್ಲದೆ ನಾಲ್ಕು ಧ್ವನಿಗಳಲ್ಲಿ (ಹೆಂಗಸರ ಎತ್ತರದ ಸೊಪ್ರಾನೊ, ತಗ್ಗಿನ ಆಲ್ಟೊ; ಗಂಡಸರ ಎತ್ತರದ ಟೆನರ್, ತಗ್ಗಿನ ಬೇಸ್) ಹಾಡಿತು. ಕ್ವಾಯರ್ ಎಂಬ ಗಾಯಕರ ತಂಡವಲ್ಲ, ಬೆಂಚಿನಲ್ಲಿ ಕೂತ ಸಭೆ. ನಾಲ್ಕು ಅನ್ನುವುದು ಸ್ವಲ್ಪ ಹೆಚ್ಚಾಯಿತು, ಮೂರೂವರೆ ಅನ್ನಿ. ಟೆನರಿಗೆ ಎಲ್ಲ ಊರಿನಲ್ಲೂ ಬಡತನವೇ. ಆದರೂ ಮುನ್ನೂರು ಚಿಲ್ಲರೆ ಜನ, ಅದರಲ್ಲಿ ಮುಕ್ಕಾಲು ಪಾಲು ಬಾಯಿ ಬಿಟ್ಟು ಹಾಡಿದರು. ಇದು ಆಗುವ ಕೆಲಸವಲ್ಲ ಎಂದು ಸಮಿತಿಯಲ್ಲಿ ಹೇಳಿದವರೂ ಹಾಡಿದರು. ಅವರ ಹಿಂದಿನ ಬೆಂಚಿನಲ್ಲೇ ನಾನು ನಿಂತಿದ್ದೆ, ಕೇಳಿಸಿಕೊಂಡಿದ್ದೇನೆ.

ಕ್ವಾಯರ್ ನಡೆಸುವವರಿಗೆ ರೋಗ ಏನೆಂದು ಹೇಳಬೇಕಿಲ್ಲ. ಕ್ರಿಸ್ಮಸ್ ಬಂತೆಂದರೆ ಸಭೆ ಪ್ರೇಕ್ಷಕರಾಗಿಬಿಡುತ್ತದೆ. ಕೀಬೋರ್ಡಿನವನು ರಿದಮ್ ಹಾಕುತ್ತಾನೆ, ಸೊಪ್ರಾನೊದ ಇಬ್ಬರು ಮೈಕ್ ನುಂಗುತ್ತಾರೆ, ಉಳಿದವರು ಪುಸ್ತಕ ತೆರೆದು ತುಟಿ ಅಲ್ಲಾಡಿಸುತ್ತಾರೆ. ವರ್ಷವಿಡೀ ಕಾಯುವ ನಾಲ್ಕೈದು ರಾಗಗಳು, ಅಜ್ಜ ಅಜ್ಜಿಯರಿಗೆ ಬಾಯಿಪಾಠ ಇದ್ದವು, ಮೊಮ್ಮಕ್ಕಳು ವಿಡಿಯೊ ಮಾಡಿಕೊಂಡು ಹೋಗುತ್ತಾರೆ. ಮಂಗಳೂರಿಗೆ ಬಾಸೆಲ್ ಮಿಷನ್ನಿನವರು ಬಂದದ್ದು 1834ರಲ್ಲಿ. ಕೊರಾಲ್ ಎಂಬ ಜರ್ಮನ್ ಆರಾಧನಾ ಹಾಡುಗಳು ಅವರ ಜೊತೆಗೇ ಬಂದವು. ಹೆಂಚಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಬೇಸ್ ಹಾಡುತ್ತಿದ್ದ ಅಜ್ಜನ ಮನೆಯವನು ನಾನು. ನಮ್ಮ ಸಭೆಗೆ ಹಾಡಲು ಬರುವುದಿಲ್ಲ ಎಂದರೆ ನನಗೆ ಸಿಟ್ಟು ಬರುತ್ತಿತ್ತು.

ಮೊದಲು ಮಾಡಿದ್ದೆಲ್ಲ ಬಿದ್ದುಹೋಯಿತು. ಶನಿವಾರ ಸಂಜೆ ಸಭೆಗೆಲ್ಲ ಅಭ್ಯಾಸ ಎಂದು ಪ್ರಕಟಣೆ ಓದಿಸಿದೆವು. ಚಹಾ, ಗೋಳಿಬಜೆ ಇಟ್ಟೆವು. ಬಂದವರು ಕ್ವಾಯರಿನವರೇ, ಗೋಳಿಬಜೆ ಮನೆಗೆ ಕಟ್ಟಿಕೊಟ್ಟೆವು. ಪ್ರೊಜೆಕ್ಟರ್ ಬಾಡಿಗೆಗೆ ತಂದು ಸಾಹಿತ್ಯ ಪರದೆಗೆ ಹಾಕಿದೆವು, ಒಂದು ಆರಾಧನೆಗೆ ಎರಡು ಸಾವಿರದ ಹತ್ತಿರ ಬಿತ್ತು. ಜನ ತಲೆ ಎತ್ತಿ ಓದಿದರು, ಅಷ್ಟೆ. ಓದುವವನು ಹಾಡುವುದಿಲ್ಲ ಎಂದು ಆಗ ತಿಳಿಯಿತು. ನಾಲ್ಕೂ ಧ್ವನಿಗಳನ್ನು ಬೇರೆ ಬೇರೆ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿದೆ. ಹೆಬ್ಬೆರಳುಗಳು ಬಂದವು, ಧ್ವನಿ ಬರಲಿಲ್ಲ. ಒಂದು ವರ್ಷ ಹಾರ್ಕ್ ದ ಹೆರಾಲ್ಡ್ ಎಂಬ ಕ್ರಿಸ್ಮಸ್ ಹಾಡಿಗೆ ಒಳ್ಳೆಯ ಡೆಸ್ಕ್ಯಾಂಟ್ (ಮೂಲ ರಾಗದ ಮೇಲೆ ಹಾಡುವ ಎತ್ತರದ ಇನ್ನೊಂದು ರಾಗ) ಕಲಿಸಿದೆ, ಹುಡುಗಿಯರು ಚೆಂದವಾಗಿಯೇ ಹಾಡಿದರು. ಸಭೆ ಪೂರ್ತಿ ಬಾಯಿ ಮುಚ್ಚಿ ಕೇಳಿ, ಕೊನೆಗೆ ಚಪ್ಪಾಳೆ ಹೊಡೆಯಿತು! ಆರಾಧನೆಯಲ್ಲಿ ಚಪ್ಪಾಳೆ ಬಿತ್ತೆಂದರೆ ನನ್ನ ಲೆಕ್ಕದಲ್ಲಿ ಆ ಸಂಗೀತ ಕೆಟ್ಟಿತು ಎಂದೇ ಅರ್ಥ.

ಅತಿ ದುಬಾರಿಯಾದದ್ದು ಹಳೆಯ ಪೆಡಲ್ ಆರ್ಗನ್. ವೆಸ್ಟ್ರಿಯ, ಅಂದರೆ ಪಾದ್ರಿಗಳ ಕೋಣೆಯ, ಮೂಲೆಯಲ್ಲಿತ್ತು. ಅದರ ಮೆಲುದನಿ ಕೇಳಿದರೆ ಜನ ತಾವಾಗಿ ಹಾಡಿಯಾರು ಎಂಬ ಆಸೆ. ಗಾಳಿ ಊದುವ ಬೆಲ್ಲೋಸಿನ ಬಟ್ಟೆ, ಅಂಟು, ಪಟ್ಟಿ, ಕೆಲಸದವನ ಕೂಲಿ, ಹೋಗಿ ಬರುವ ಖರ್ಚು ಸೇರಿ ಹದಿನೈದು ಸಾವಿರ ದಾಟಿತು. ಸೈಲೆಂಟ್ ನೈಟ್ ಹುಟ್ಟಿದ್ದಕ್ಕೆ ಒಂದು ಕಥೆ ಹೇಳುತ್ತಾರಲ್ಲ, ಇಲಿ ಆರ್ಗನ್ ಕಡಿದದ್ದರಿಂದ ಗಿಟಾರಿಗೆ ಬರೆದರು ಎಂದು? ಅದಕ್ಕೆ ಆಧಾರವಿಲ್ಲ. ನಮ್ಮ ಆರ್ಗನ್ನನ್ನು ಮಾತ್ರ ನಿಜವಾಗಿಯೂ ಇಲಿ ತಿಂದಿತ್ತು. ರಿಪೇರಿಯಾದ ಮೇಲೆ ನೋಡಿದರೆ ಶ್ರುತಿ ಕಾಲು ಸ್ವರದಷ್ಟು ಕೆಳಗೆ, ಕೀಬೋರ್ಡಿನ ಜೊತೆ ಕೂಡುವುದಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅಂಟು ಮತ್ತೆ ಬಿಟ್ಟಿತು. ಖಜಾಂಚಿಯವರು ಈ ಬಾಬ್ತನ್ನು ವಾರ್ಷಿಕ ಮಹಾಸಭೆಯಲ್ಲಿ ಎಷ್ಟು ನಿಧಾನವಾಗಿ ಓದಿದರೆಂದರೆ, ಅಷ್ಟು ನಿಧಾನ ಅವರು ವೇದಪಾಠವನ್ನೂ, ಅಂದರೆ ಬೈಬಲಿನ ಭಾಗವನ್ನೂ, ಓದಿದ್ದಿಲ್ಲ.

ಕೊನೆಗೆ ಕೈಹಿಡಿದದ್ದು ಕೀ, ಅಂದರೆ ಹಾಡು ಎಷ್ಟು ಎತ್ತರದ ಶ್ರುತಿಯಲ್ಲಿದೆ ಎನ್ನುವುದು, ಮತ್ತು ಕ್ರಿಸ್ಮಸ್ ಕಾಲದಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ರೌಂಡ್ಸ್.

ಕೀ ವಿಷಯ ಮೊದಲು ಮುಗಿಸುತ್ತೇನೆ. ನಮ್ಮ ಹುಡುಗರು ಎಲ್ಲವನ್ನೂ ಸಿ ಮೇಜರಿನಲ್ಲಿ ಕಲಿತವರು, ಬಿಳಿ ಕೀಗಳ ಸುಖ. ಸೈಲೆಂಟ್ ನೈಟ್ ಸಿಯಲ್ಲಿ ಹಾಡಿದರೆ ಚರಣದ ಕೊನೆಯ ಭಾಗದಲ್ಲಿ ಮೇಲಿನ ಎಫ್ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ಎದ್ದು ಬಂದ ಗಂಡಸಿಗೆ ಅದು ಎಟುಕುವುದಿಲ್ಲ, ಕಿರುಚುವ ಬದಲು ಸುಮ್ಮನಿರುತ್ತಾನೆ. ನಾನು ಎ ಮೇಜರಿಗೆ ಇಳಿಸಿದೆ. ಮೇಲೆ ಡಿ, ಕೆಳಗೆ ಎ. ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವ ಬಿ ಫ್ಲ್ಯಾಟ್‌ಗಿಂತಲೂ ಅರ್ಧ ಸ್ವರ ಕೆಳಗೆ. ಜಾಯ್ ಟು ದ ವರ್ಲ್ಡ್ ಶುರುವಾಗುವುದೇ ಮೇಲಿನ ಡಿ ಸ್ವರದಲ್ಲಿ, ಗಂಟಲು ಬಿಸಿಯಾಗುವ ಮೊದಲೇ. ಅದನ್ನು ಸಿಗೆ ತಂದೆ. ಹಾರ್ಕ್ ದ ಹೆರಾಲ್ಡ್ ಜಿಯಿಂದ ಎಫ್‌ಗೆ. ಕೀಬೋರ್ಡಿನವನು ಬೆರಳು ಬದಲಿಸಬೇಕಿಲ್ಲ, ಕೀ ತಾನೇ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಇದೆಯಲ್ಲ. ಖರ್ಚು ಸೊನ್ನೆ. ಸೊಪ್ರಾನೊಗಳು ಮಾತ್ರ ಮುಖ ಊದಿಸಿಕೊಂಡರು, ಹೊಳಪು ಹೋಯಿತಂತೆ. ಹೋಗಲಿ ಎಂದೆ.

ಇನ್ನು ಕ್ಯಾರಲ್ ರೌಂಡ್ಸ್. ನಮ್ಮಲ್ಲಿ ಸುಮಾರು ನೂರೈವತ್ತು ಮನೆ. ಜನ ಅಭ್ಯಾಸಕ್ಕೆ ಬರುವುದಿಲ್ಲ, ಸರಿ. ನಾವಂತೂ ಡಿಸೆಂಬರಿನಲ್ಲಿ ಎಲ್ಲರ ಮನೆಗೂ ಹೋಗುತ್ತೇವೆ! ಅಲ್ಲೇ ಕಲಿಸಿದರಾಯಿತು. ಅಲ್ಲಿಯವರೆಗೆ ರೌಂಡ್ಸ್ ಎಂದರೆ ಪಿಕಪ್ಪಿನಲ್ಲಿ ಡ್ರಮ್ಮು, ಸಿನಿಮಾ ಧಾಟಿಯ ಎರಡು ಹಾಡು, ಸಾಂತಾ, ಕೇಕು, ಕಾಣಿಕೆ ಡಬ್ಬಿ, ಮುಂದಿನ ಮನೆ. ಒಂದು ರಾತ್ರಿಗೆ ಇಪ್ಪತ್ತು ಮನೆ ಓಡಿಸುತ್ತಿದ್ದರು. ನಾನು ಕೇಳಿದ್ದು ಇಷ್ಟು: ಡ್ರಮ್ ಬೇಡ. ಪ್ರತಿ ಮನೆಯಲ್ಲಿ ನಾಲ್ಕು ಹಳೆಯ ಸಂಗೀತಗಳಲ್ಲಿ, ಅಂದರೆ ಆರಾಧನೆಯ ಹಾಡುಗಳಲ್ಲಿ, ಒಂದನ್ನು ಮನೆಯವರೇ ಆರಿಸಲಿ. ಮೊದಲ ಚರಣ ಎಲ್ಲರೂ ಒಂದೇ ರಾಗದಲ್ಲಿ. ಎರಡನೆಯದಕ್ಕೆ ಮನೆಯವರು ರಾಗ ಬಿಡದೆ ಹಿಡಿದುಕೊಳ್ಳಬೇಕು, ನಾವು ಅವರ ಸುತ್ತ ನಿಂತು ಆಲ್ಟೊ, ಟೆನರ್, ಬೇಸ್ ಹಾಡುತ್ತೇವೆ. ಮೂರನೆಯದಕ್ಕೆ ಮನೆಯ ಗಂಡಸನ್ನು ನಮ್ಮ ಬೇಸಿನವರ ನಡುವೆ ನಿಲ್ಲಿಸುತ್ತೇವೆ.

ಸಮಿತಿಯಲ್ಲಿ ಗಲಾಟೆಯಾಯಿತು. ಯುವಕರು ಬಿಟ್ಟುಹೋಗುತ್ತಾರೆ, ಡಬ್ಬಿ ಖಾಲಿಯಾಗುತ್ತದೆ ಎಂದರು. ಡಬ್ಬಿಯ ಚಿಂತೆ ಸುಳ್ಳೇನಲ್ಲ. ಮೊದಲ ವರ್ಷ ಒಂದು ರಾತ್ರಿಗೆ ಹತ್ತು ಹನ್ನೊಂದು ಮನೆ ಮುಗಿಸುವಷ್ಟರಲ್ಲಿ ಸುಸ್ತು. ಎಲ್ಲ ಮನೆಗೂ ಹೋಗಲಾಗಲಿಲ್ಲ. ತೊಂಬತ್ತು ಸಾವಿರದ ಆಸುಪಾಸು ಬರುತ್ತಿದ್ದದ್ದು ಅರವತ್ತೈದಕ್ಕೆ ಇಳಿಯಿತು. ಬಿಟ್ಟುಹೋದ ಮನೆಯವರ ಬೈಗುಳ ಬೇರೆ. ಎರಡನೇ ವರ್ಷ ಅಡ್ವೆಂಟಿನ (ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ) ಮೊದಲ ಭಾನುವಾರವೇ ಹೊರಟು, ಎರಡು ತಂಡ ಮಾಡಿದೆವು. ಜನರೇಟರ್, ಡ್ರಮ್, ದೊಡ್ಡ ಗಾಡಿ ಇಲ್ಲದ್ದರಿಂದ ಬಾಡಿಗೆಯೇ ಹದಿನೆಂಟು ಸಾವಿರದಷ್ಟು ಉಳಿಯಿತು. ಡಬ್ಬಿಯೂ ಲಕ್ಷ ದಾಟಿತು. ತನ್ನ ಮನೆಯ ಹಾಲ್‌ನಲ್ಲಿ ತಾನೇ ಹಾಡಿದ ಮನುಷ್ಯ ಡಬ್ಬಿಗೆ ನೂರರ ನೋಟು ಹಾಕುವುದಿಲ್ಲ, ಐನೂರು ಹಾಕುತ್ತಾನೆ. ಇದು ನನ್ನ ಸಿದ್ಧಾಂತ, ಖಜಾಂಚಿ ಒಪ್ಪಿಲ್ಲ.

ಆ ಎರಡನೇ ಚರಣದಲ್ಲಿ ಆಗುವುದನ್ನು ನೋಡಬೇಕು. ತನಗೆ ಹಾಡು ಬರುವುದಿಲ್ಲ ಎಂದು ನಲವತ್ತು ವರ್ಷ ನಂಬಿದ ಹೆಂಗಸು ರಾಗ ಹಿಡಿದಿರುತ್ತಾಳೆ, ಕೆಳಗಿನಿಂದ ಬೇಸ್ ಬಂದು ಆಧಾರ ಕೊಡುತ್ತದೆ, ತನ್ನ ಧ್ವನಿಯೇ ದೊಡ್ಡದಾದಂತೆ ಅವಳಿಗೆ ಕೇಳುತ್ತದೆ. ಮುಖ ಬದಲಾಗುತ್ತದೆ. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಒಳಕೋಣೆಯಿಂದ ಅದೇ ರಾಗವನ್ನು ತುಳುವಿನಲ್ಲಿ ಹಾಡತೊಡಗಿದರು, ಅಷ್ಟೂ ಚರಣ, ಒಂದು ಪದ ತಪ್ಪದೆ. ಅವರ ಮಗನಿಗೇ ಆ ಸಾಹಿತ್ಯ ಗೊತ್ತಿರಲಿಲ್ಲ. ನಾವು ಕನ್ನಡ ನಿಲ್ಲಿಸಿ ಬರೀ ಹಮ್ಮಿಂಗ್ ಮಾಡಿದೆವು. ಆ ರಾತ್ರಿ ಉಳಿದ ಮನೆಗಳು ತಡವಾದವು.

ನಡುವೆ ಒಂದು ಉಪಪ್ರಯೋಗ. ಸಂಡೇ ಸ್ಕೂಲಿನ ಕೆಲವು ಮಕ್ಕಳು ಕರ್ನಾಟಕ ಸಂಗೀತ ಕಲಿಯುತ್ತಾರೆ. ಐದು ಗೆರೆಗಳ ಸ್ಟಾಫ್ ನೋಟೇಶನ್ ಅವರಿಗೆ ಬೇಡ, ಹಳಬರ ಟಾನಿಕ್ ಸೋಲ್ಫಾ (ಡೊ ರೆ ಮಿ ಅಕ್ಷರಗಳ ಸ್ವರಲಿಪಿ) ನೋಟುಪುಸ್ತಕ ಅವರಿಗೆ ಗೊತ್ತಿಲ್ಲ. ಸರಿಗಮದಲ್ಲಿ ಬರೆದುಕೊಟ್ಟೆ. ಜಾಯ್ ಟು ದ ವರ್ಲ್ಡ್ ಮೊದಲ ಸಾಲು ಶಂಕರಾಭರಣದ ನೇರ ಅವರೋಹಣ: ಸಾ ನಿ ದ ಪ, ಮ ಗ ರಿ ಸ. ಸೈಲೆಂಟ್ ನೈಟ್ ಎಂದರೆ ಪ ದ ಪ ಗಾ. ಅರ್ಧ ಗಂಟೆಯಲ್ಲಿ ಆಲ್ಟೊ ಕಲಿತರು. ಒಂದೇ ತೊಂದರೆ, ಗಮಕ ಹಾಕುತ್ತಾರೆ. ನಿಲ್ಲಿಸಲು ಹೋಗಿ ಸೋತೆ, ಈಗ ಕೇಳಲು ರುಚಿಯಾಗಿದೆ.

ಆರಾಧನೆಯ ದಿನ ಇನ್ನೊಂದು ಜಗಳ ಕಾದಿತ್ತು. ಕ್ವಾಯರನ್ನು ಬೆಂಚುಗಳಿಗೆ ಚದುರಿಸುತ್ತೇನೆ ಎಂದೆ, ಗಂಡಸರ ಸಾಲುಗಳಲ್ಲಿ ಬೇಸು, ಹಿಂದಿನ ಮೂಲೆಯಲ್ಲಿ ಆಲ್ಟೊ. ಹೆಂಗಸರು ಒಂದೇ ಬಣ್ಣದ ಸೀರೆ ಕೊಂಡಿದ್ದರು, ಒಂದಕ್ಕೆ ಸಾವಿರದ ಇನ್ನೂರರ ಹತ್ತಿರ. ಚದುರಿದರೆ ಯಾರಿಗೆ ಕಾಣುತ್ತದೆ? ಕೊನೆಗೆ ರಾಜಿ: ಮೆರವಣಿಗೆಯಲ್ಲಿ ಬಂದು ಮುಂದೆ ನಿಂತು ಒಂದು ಆಂಥೆಮ್ (ಕ್ವಾಯರ್ ಮಾತ್ರ ಹಾಡುವ ಹಾಡು), ವೇದಪಾಠದ ಹೊತ್ತಿಗೆ ಸದ್ದಿಲ್ಲದೆ ಬೆಂಚಿಗೆ. ಸೌಂಡ್ ಸಿಸ್ಟಮ್ ಕೊಡಿಸಿದವರು ಕುವೈತಿನಿಂದ ರಜೆಗೆ ಬಂದಿದ್ದರು, ಎರಡೂಕಾಲು ಲಕ್ಷದ ಸಾಮಾನು. ಅವರೆದುರೇ ಹಾಡಿನ ಮೈಕ್‌ಗಳನ್ನು ಆಫ್ ಮಾಡಬೇಕಿತ್ತು. ಅವರನ್ನು ಬೇಸಿನವರ ಪಕ್ಕ ನಿಲ್ಲಿಸಿದೆ. ಮುಗಿದ ಮೇಲೆ ಮೈಕಿನ ಮಾತೇ ಎತ್ತಲಿಲ್ಲ.

ಹಾರ್ಕ್ ದ ಹೆರಾಲ್ಡ್ ಬಗ್ಗೆ ಒಂದು ಮಾತು, ಅನುಮಾನ ಪಡುವವರಿಗೆ ನಾನು ಯಾವಾಗಲೂ ಹೇಳುವುದು. ಚಾರ್ಲ್ಸ್ ವೆಸ್ಲಿಯ ಸಾಹಿತ್ಯ 1739ರದು. ರಾಗ ಮೆಂಡೆಲ್‌ಸನ್ 1840ರಲ್ಲಿ ಗುಟೆನ್‌ಬರ್ಗನ ಮುದ್ರಣ ಕಲೆಯ ಉತ್ಸವಕ್ಕೆ ಬರೆದದ್ದು. ಈ ರಾಗ ಪವಿತ್ರ ಸಾಹಿತ್ಯಕ್ಕೆ ಹೊಂದದು ಎಂದು ಮೆಂಡೆಲ್‌ಸನ್ನನೇ ಪತ್ರದಲ್ಲಿ ಬರೆದಿದ್ದ. ಅವನು ಸತ್ತ ಮೇಲೆ, 1855ರಲ್ಲಿ ಕಮಿಂಗ್ಸ್ ಎಂಬ ಸಂಗೀತಗಾರ ಎರಡನ್ನೂ ಕೂಡಿಸಿದ. ರಾಗ ಕಟ್ಟಿದವನ ಲೆಕ್ಕವೇ ತಪ್ಪಿರುವಾಗ ನಮ್ಮ ಸಮಿತಿ ಯಾವ ಗಿಡದ ತೊಪ್ಪಲು! ಸೈಲೆಂಟ್ ನೈಟ್ ಕೂಡ ಹಾಗೆಯೇ. 1818ರ ಕ್ರಿಸ್ಮಸ್ ಹಿಂದಿನ ರಾತ್ರಿ ಓಬರ್ನ್‌ಡಾರ್ಫಿನಲ್ಲಿ ಪಾದ್ರಿ ಮೋರ್ ಮತ್ತು ಮೇಷ್ಟ್ರು ಗ್ರೂಬರ್ ಒಂದು ಗಿಟಾರ್ ಹಿಡಿದು ಹಾಡಿದ್ದು, ಮೂಲದಲ್ಲಿ ಇಬ್ಬರ ಹಾಡು. ಅದಕ್ಕೆ ಡ್ರಮ್ ಪ್ಯಾಡ್ ಬೇಕೆನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಸೈಲೆಂಟ್ ನೈಟ್‌ಗೆ ಮೇಣದಬತ್ತಿ ಹಚ್ಚಿ ಫ್ಯಾನ್ ಆರಿಸಿದೆವು. ಕರಾವಳಿಯ ಡಿಸೆಂಬರ್, ರೇಷ್ಮೆ ಸೀರೆ, ನಾಲ್ಕು ನಿಮಿಷ ಬೆವರಿನ ಸ್ನಾನ. ಆದರೆ ಇಪ್ಪತ್ತು ಫ್ಯಾನಿನ ಗರಗರ ನಿಂತಾಗಲೇ ಪಕ್ಕದವರ ಧ್ವನಿ ಜನಕ್ಕೆ ಕೇಳಿಸಿದ್ದು. ಪಕ್ಕದವನು ಹಾಡುತ್ತಿದ್ದಾನೆ ಎಂದು ಗೊತ್ತಾದರೆ ಇವನೂ ಹಾಡುತ್ತಾನೆ. ಫೋನಿನ ಡೆಸಿಬಲ್ ಆಪ್‌ನಲ್ಲಿ ಅಳೆದೆ. ಮೈಕ್ ಇದ್ದ ವರ್ಷ ತೊಂಬತ್ತರ ಮೇಲೆ ಇತ್ತು, ಈ ಸಲ ಎಂಬತ್ತೈದರ ಸುತ್ತ. ಆಪ್ ಹೇಳುವುದನ್ನು ಪೂರ್ತಿ ನಂಬಬೇಡಿ, ಆದರೆ ಸದ್ದು ಕಡಿಮೆಯಾದಾಗ ಹಾಡು ಹೆಚ್ಚಾಯಿತು ಎನ್ನುವುದಕ್ಕೆ ನಾನು ಸಾಕ್ಷಿ.

ಅಡೆಸ್ಟೆಯನ್ನು ಕೊನೆಗೆ ಇಟ್ಟುಕೊಳ್ಳಿ, ಜಿ ಮೇಜರಿನಲ್ಲಿ. ಅದರ ಪಲ್ಲವಿ ಮೂರು ಸಲ ಏರುತ್ತದೆ. ಮೊದಲ ಸಲ ಹೆಂಗಸರು ಮಾತ್ರ, ಎರಡನೇ ಸಲ ಟೆನರ್, ಮೂರನೆಯದಕ್ಕೆ ಬೇಸ್. ಕೈ ಬೀಸುವ ಅಗತ್ಯವೇ ಇಲ್ಲ. ಆ ಮೂರನೆಯ ಏರಿಕೆಯಲ್ಲಿ ಬೆಂಚಿನ ಮರ ಅಂಗೈಗೆ ನಡುಗಿದ್ದು ತಿಳಿಯುತ್ತದೆ. ಕುರುಬರು ಅವಸರದಿಂದ ಹೋಗಿ ಮಗುವನ್ನು ಕಂಡರು ಎಂದು ಪಾಠದಲ್ಲಿ ಎಷ್ಟು ಸಲ ಕೇಳಿದ್ದೆವೋ, ಅವತ್ತು ನಾವೂ ಆ ಗುಂಪಿನಲ್ಲಿ ನುಗ್ಗಿ ಹೋದಂತೆ ಇತ್ತು. ನನಗೆ ಹಾಡಲು ಆಗಲಿಲ್ಲ, ಗಂಟಲು ಕಟ್ಟಿತು, ಬೇಸಿಗೆ ಒಬ್ಬ ಕಡಿಮೆ.

ಕೀಬೋರ್ಡ್ ಇಲ್ಲದೆ ಮುನ್ನೂರು ಜನರನ್ನು ಒಂದೇ ಉಸಿರಿಗೆ ಶುರುಮಾಡಿಸುವುದು ಹೇಗೆ ಎಂದು ಪಕ್ಕದ ಸಭೆಯ ಕ್ವಾಯರ್ ಮಾಸ್ಟರ್ ಕೇಳಿದರು. ಅದನ್ನು ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಶ್ರುತಿ ಇಳಿಯದಂತೆ ಹಿಡಿಯಲು ಯಾರನ್ನು ಎಲ್ಲಿ ಕೂರಿಸಿದ್ದೇನೆ ಎನ್ನುವುದೂ ನನ್ನಲ್ಲೇ ಇರಲಿ. ಉಳಿದದ್ದೆಲ್ಲ ಮೇಲಿದೆ. ಚರಣಗಳ ಜೆರಾಕ್ಸ್, ಚಹಾ, ಮೇಣದಬತ್ತಿ ಸೇರಿ ಆರು ಸಾವಿರ ಆಗಿರಬಹುದು.

ಈ ವರ್ಷ ಒಬ್ಬ ಮಗುವಿನ ಸೋಲೊದಿಂದ ಶುರುಮಾಡುವ ಯೋಚನೆಯಿದೆ, ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನಲ್ಲಿ ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ ಹಾಡುವ ಹಾಗೆ. ಅಲ್ಲಿ ಹಾಡುವ ಹುಡುಗ ಯಾರೆಂದು ಕೊನೆಯ ಗಳಿಗೆಯವರೆಗೆ ಹೇಳುವುದಿಲ್ಲವಂತೆ. ಹುಡುಗರ ಅಂಜಿಕೆ ತಪ್ಪಿಸಲು ಇರಬೇಕು. ನನಗೆ ಬೇರೆ ಕಾರಣಕ್ಕೆ ಆ ಪದ್ಧತಿ ಬೇಕಾಗಿದೆ: ಸುದ್ದಿ ಹೇಗೋ ಹೊರಗೆ ಬಿದ್ದು, ಮೂವರು ತಾಯಂದಿರು ಈಗಾಗಲೇ ಫೋನ್ ಮಾಡಿದ್ದಾರೆ.