ಪದ್ಮಿನಿಗೆ ಕರೆಂಟ್ ಪಂಪು ಬೇಕಾಗಲಿಲ್ಲ

ಬೇಸಿಗೆಯಲ್ಲಿ ಪ್ರೀಮಿಯರ್ ಪದ್ಮಿನಿ ಕಾರು ಬಿಸಿಯೇರಿ ನಿಂತರೆ ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು: “ಸಾರ್, ಕರೆಂಟ್ ಪಂಪು ಹಾಕ್ಸಿಬಿಡಿ, ಇಲ್ಲಾಂದ್ರೆ ಮಾರುತಿ ಇಂಜಿನ್ ಕೂರ್ಸೋಣ.” ನಾನು ಎರಡಕ್ಕೂ ಒಪ್ಪಲಿಲ್ಲ. ನನ್ನ 1984ರ ಗಾಡಿಯಲ್ಲಿ ಈಗಲೂ ಟ್ಯಾಂಕಿನಿಂದ ಪೆಟ್ರೋಲು ಎಳೆಯುವ, ಇಂಜಿನ್ನೇ ಓಡಿಸುವ ಹಳೇ ಮೆಕ್ಯಾನಿಕಲ್ ಪಂಪೇ ಇದೆ. ಹೋದ ಬೇಸಿಗೆ ಏಪ್ರಿಲ್ ಮಧ್ಯಾಹ್ನ ನಾಲ್ಕು ಜನ ಕೂತು ಚಾರ್ಮಾಡಿ ಘಾಟಿ ಹತ್ತಿದೆವು, ಎಲ್ಲೂ ಬಾನೆಟ್ ಎತ್ತಲಿಲ್ಲ. ಆಗಲ್ಲ ಅಂದವರಲ್ಲಿ ಒಬ್ಬರು ಹಿಂದಿನ ಸೀಟಿನಲ್ಲೇ ಇದ್ದರು.

ರೋಗ ಎಲ್ಲರಿಗೂ ಗೊತ್ತಿರುವುದೇ. ಇಂಜಿನ್ ಶಾಖಕ್ಕೆ ಪಂಪಿನಲ್ಲೇ ಪೆಟ್ರೋಲು ಆವಿಯಾಗುತ್ತದೆ, ಪಂಪು ಬರೀ ಗಾಳಿ ತುಳಿಯುತ್ತದೆ. ಮೊದಲೂ ಇತ್ತು, ಎಥೆನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ವಿಪರೀತವಾಯಿತು. ಅದರ ಜೊತೆಗೆ ಪಂಪಿನೊಳಗಿನ ಹಳೇ ರಬ್ಬರ್ ಪೊರೆ (ಡಯಾಫ್ರಮ್) ಉಬ್ಬಿ ಗಟ್ಟಿಯಾಗುವುದು ಬೇರೆ. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳೂ 2023ರಲ್ಲಿ ಮುಗಿದವು, ಬಿಡಿಭಾಗಕ್ಕೆ ಗಿರಾಕಿಯೂ ಹೋಯಿತು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಂಪ್ ರಿಪೇರಿ ಕಿಟ್ ಕೇಳಿದರೆ ಮೂರನೇ ಅಂಗಡಿಯಲ್ಲಿ ಸಿಕ್ಕರೆ ಪುಣ್ಯ. ಸಿಕ್ಕಿದ್ದರಲ್ಲಿ ಅರ್ಧ ನಕಲಿ. ಹಾಗೆ ಎರಡೂವರೆ ಸಾವಿರದಷ್ಟು ನೀರಿಗೆ ಹೋಯಿತು.

ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು ಹಳೇ ಡ್ರೈವರ್‌ಗಳ ಮದ್ದು. ಊರೊಳಗೆ ಸಾಕು, ಘಾಟಿಯಲ್ಲಿ ಎರಡು ತಿರುವಿಗೆ ಒಣಗುತ್ತದೆ. ಆಮೇಲೆ ಪಂಪಿನ ಕೆಳಗೆ ದಪ್ಪ ಬೇಕಲೈಟ್ ಪ್ಯಾಕಿಂಗ್ ಕೊಟ್ಟೆ. ಶಾಖ ಕಡಿಮೆಯಾಯಿತು, ಆದರೆ ಪಂಪು ತನ್ನನ್ನು ಒತ್ತುವ ಕ್ಯಾಮ್‌ನಿಂದ ದೂರ ಸರಿದು ಸ್ಟ್ರೋಕ್ (ಒತ್ತುವ ಉದ್ದ) ಕಡಿಮೆಯಾಗಿ ಪೆಟ್ರೋಲು ಸಾಲದೆ ಹೋಯಿತು. ಥರ್ಡ್ ಗೇರಿನಲ್ಲಿ ಎಳೆತವೇ ಇಲ್ಲ. ಪ್ಯಾಕಿಂಗನ್ನು ತೇಯಿಸಿ ತೇಯಿಸಿ ಒಂದು ಹದಕ್ಕೆ ತಂದೆ. ಎಷ್ಟು ದಪ್ಪ ಅಂತ ಕೇಳಬೇಡಿ, ಪ್ರತಿ ಇಂಜಿನ್ನಿಗೂ ಬೇರೆ. ಕರೆಂಟ್ ಪಂಪಿನ ಕಥೆಯನ್ನು ಸ್ನೇಹಿತರ ಗಾಡಿಯಲ್ಲಿ ನೋಡಿದ್ದೆ: ಪ್ರೆಷರ್ ಜಾಸ್ತಿಯಾಗಿ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬೊರೇಟರಿನ ಬಾಯಿ ಮುಚ್ಚುವ ನೀಡಲ್ ತಡೆಯಲಾರದೆ ಪೆಟ್ರೋಲು ಬಿಸಿ ಇಂಜಿನ್ ಮೇಲೇ ಸುರಿಯಿತು.

ಕೊನೆಗೆ ಕೈಹಿಡಿದದ್ದು ರಿಟರ್ನ್ ಲೈನು. ಕಾರ್ಬೊರೇಟರಿಗೆ ಆದಷ್ಟು ಹತ್ತಿರ ಪೈಪಿಗೆ ಒಂದು ಟೀ (T) ಜೋಡಣೆ, ಅದರ ಕವಲಿನೊಳಗೆ ಸಣ್ಣ ತೂತಿನ ಜೆಟ್, ಅಲ್ಲಿಂದ ತಾಮ್ರದ ಪೈಪು ಟ್ಯಾಂಕಿಗೆ ವಾಪಸ್. ಪೆಟ್ರೋಲು ಸುಮ್ಮನೆ ನಿಂತು ಕಾಯುವುದಿಲ್ಲ, ಆವಿ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿಗೆ ಬೆಸುಗೆ ಹಾಕುವ ಹುಚ್ಚು ಬೇಡ. ಗೇಜಿನ ಫ್ಲೋಟ್ ಕೂತಿರುವ ಪ್ಲೇಟನ್ನು ಬಿಚ್ಚಿ ಹೊರಗೆ ತಂದು, ಅದಕ್ಕೇ ನಳಿಗೆ ಕೂರಿಸಿಕೊಂಡೆ. ಮೇಸ್ತ್ರಿ ನಕ್ಕರು, “ಇರೋ ಪೆಟ್ರೋಲೇ ಸಾಲಲ್ಲ, ಇವ್ರು ವಾಪಸ್ ಕಳಿಸ್ತಾರಂತೆ.” ಮೊದಲ ಜೆಟ್ಟಿನಲ್ಲಿ ಅವರ ಮಾತೇ ನಿಜವಾಯಿತು, ಏರಿನಲ್ಲಿ ಕಾರ್ಬೊರೇಟರಿಗೆ ಉಪವಾಸ. ತೂತು ಸಣ್ಣದು ಮಾಡುತ್ತಾ ಹೋದೆ. ಯಾವ ಹಳೇ ಗಾಡಿಯ ಯಾವ ಜೆಟ್ ಕೊನೆಗೆ ಸರಿಹೊಂದಿತು ಅನ್ನುವುದು ನನ್ನ ಹತ್ತಿರವೇ ಇರಲಿ. ಲೇತ್ ಕೆಲಸ, ಪೈಪು, ಎಥೆನಾಲ್ ತಡೆಯುವ ವೈಟಾನ್ ಹೋಸು ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ಇಂಜಿನ್ ಬದಲಾಯಿಸಲು ಹೇಳಿದ್ದು ಎಂಬತ್ತು ಸಾವಿರ, ಆರ್‌ಸಿಯಲ್ಲಿ ಬರೆಸುವ ಓಡಾಟ ಬೇರೆ.

ಇದೇ ಹುಮ್ಮಸ್ಸಿನಲ್ಲಿ ಕಾರ್ಬೊರೇಟರಿನ ಒಳಗಿನ ಮೇನ್ ಜೆಟ್ಟನ್ನೂ ಎರಡು ನಂಬರ್ ದೊಡ್ಡದು ಹಾಕಿ ನೋಡಿದೆ. ಎಥೆನಾಲಿಗೆ ಪೆಟ್ರೋಲು-ಗಾಳಿಯ ಮಿಕ್ಸ್ಚರ್ ತೆಳುವಾಗಿ ಪ್ಲಗ್ ಬೆಳ್ಳಗಾಗುತ್ತಿತ್ತು, ಈಗ ಕಂದು ಬಣ್ಣ. ಮೈಲೇಜು ಹದಿಮೂರರಿಂದ ಹನ್ನೆರಡರ ಆಸುಪಾಸಿಗೆ ಇಳಿಯಿತು, ಇಳಿಯಲಿ. ಕಿಡಿ ಹೊತ್ತಿಸುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ನೂ ಹಾಕಿದ್ದೆ. ಚೆನ್ನಾಗಿಯೇ ಓಡಿತು, ಆದರೂ ಬಿಚ್ಚಿಟ್ಟೆ. ಪಾಯಿಂಟ್ ಕೆಟ್ಟರೆ ದಾರಿ ಬದಿಯಲ್ಲಿ ಉಪ್ಪುಕಾಗದ ಸಾಕು, ಆ ಡಬ್ಬಿ ಕೆಟ್ಟರೆ ಟೋಯಿಂಗೇ ಗತಿ. 1089 ಸಿಸಿಯ ಈ ಗಾಡಿ ನನಗೆ ಹಿಡಿಸಿರುವುದೂ ಇದಕ್ಕೇ: ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಸ್ಪ್ಯಾನರಿಗೆ ಸಿಗುತ್ತದೆ. ಸ್ಟೇರಿಂಗ್ ಪಕ್ಕದ ಕೈ ಗೇರಿನ ಸುಖ ಗೊತ್ತಿದ್ದವರಿಗೇ ಗೊತ್ತು.

2021ರ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು ಐವತ್ತು ವರ್ಷ ದಾಟಬೇಕು, ನನ್ನದಕ್ಕೆ ಇನ್ನೂ ಟೈಮಿದೆ. ಅಲ್ಲಿಯವರೆಗೆ ಐದೈದು ವರ್ಷಕ್ಕೆ ಎಫ್‌ಸಿ (ಫಿಟ್ನೆಸ್ ಪತ್ರ), ಹಳೇ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್. ಯಾರಾದರೂ ಈ ಲೈನು ಮಾಡಿಸುವುದಾದರೆ ಪಂಪಿಗೂ ಮುಂಚೆ ಒಂದು ಫಿಲ್ಟರ್ ಹಾಕಿ. ಟ್ಯಾಂಕಿನ ತುಕ್ಕಿನ ಒಂದು ಚೂರು ಸಾಕು, ಆ ಜೆಟ್ ಮುಚ್ಚಿಹೋಗುತ್ತದೆ, ಮತ್ತೆ ಗಾಡಿ ಮೊದಲಿನ ಹಾಗೇ ನಿಲ್ಲುತ್ತದೆ.